ಹಲ್ಲಿಯಕ್ಕನ ಹಗ್ಗ

ಸಿನಿಮಾದವರಿಗೆ ಸೇಡು ತೀರಿಸಿಕೊಳ್ಳಲು ಹಡಗು ಬೇಕು, ಬೆಂಕಿ ಬೇಕು, ನಡುವೆ ಹಾಡು ಬೇರೆ ಬೇಕು. ನಮ್ಮ ಹಲ್ಲಿಯಕ್ಕನಿಗೆ ಒಂದು ಪ್ರಶ್ನೆ ಸಾಕಾಯಿತು.

ನಾನು ಸಾಹಸ ಮಾಡುವವರ ಬಟ್ಟೆ ಹೊಲಿಯುವವಳು. ನಾಯಕಿ ತೊಡುವಂಥದ್ದೇ ಇನ್ನೊಂದು ಉಡುಪನ್ನು ತುಸು ಸಡಿಲವಾಗಿ ಹೊಲಿದು, ಒಳಗೆ ಕಟ್ಟುವ ಪಟ್ಟಿಯ ಕೊಂಡಿ ಹಗ್ಗಕ್ಕೆ ಸಿಗುವಂತೆ ಬೆನ್ನಲ್ಲಿ ಸೀಳು ಬಿಡುತ್ತೇನೆ. ಅದನ್ನು ತೊಟ್ಟು ನಾಯಕಿಯ ಬದಲು ಬೀಳುವವಳು ಹಲ್ಲಿಯಕ್ಕ. ಗೋಡೆ ಹತ್ತುವುದರಲ್ಲಿ ಎತ್ತಿದ ಕೈ, ಹೆಸರು ಹಾಗೇ ಅಂಟಿಕೊಂಡಿತು.

ಹಗ್ಗ ಹಿಡಿಯುವವರಲ್ಲಿ ಒಂದು ಪದ್ಧತಿ ಇದೆ. ಹಾರುವವರು ಮೇಲಿನಿಂದ "ಇದೀರಾ?" ಎನ್ನಬೇಕು. ಹಗ್ಗವನ್ನು ಕಂಬಕ್ಕೆ ಸುತ್ತಿ ಬಿಗಿದ ಮೇಲಷ್ಟೇ ಕೆಳಗಿನವರು "ಇದೀವಿ" ಎನ್ನಬೇಕು. ಹೇಳಿ ಹೇಳಿ ಅದು ಬಾಯಿಪಾಠವಾಗಿಬಿಡುತ್ತದೆ. ಹಿಂದೊಂದು ಚಿತ್ರದಲ್ಲಿ ಅಕ್ಕನ ಒಡಹುಟ್ಟಿದ ತಮ್ಮನೇ ಹಗ್ಗ ಸುತ್ತುವ ಮೊದಲೇ "ಇದೀವಿ" ಎಂದುಬಿಟ್ಟ. ಅಕ್ಕ ಹಾರಿದಳು, ಸೊಂಟ ಮುರಿಯಿತು. ತನ್ನ ತಂಡಕ್ಕೆ ಕೆಟ್ಟ ಹೆಸರು ಬಾರದಿರಲೆಂದು ಫೈಟ್ ಮಾಸ್ಟರು, "ಉತ್ತರ ಬರೋ ಮೊದ್ಲೇ ಹಾರಿದ್ಲು" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ. ತಮ್ಮನೋ, ಬಾಯಿಗೆ ಬೀಗ ಹಾಕಿಕೊಂಡ. ಅಕ್ಕನ ಮನೆ ಕಡೆ ತಲೆಯನ್ನೂ ಹಾಕಲಿಲ್ಲ. ಆತುರಗೇಡಿ ಎನಿಸಿಕೊಂಡವಳನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಮೂಳೆ ಕೂಡಿತು, ಹೋದ ಹೆಸರು ಮಾತ್ರ ಹಿಂದೆ ಬರಲಿಲ್ಲ.

ಆಮೇಲೆ ಒಂದು ತಮಿಳು ಚಿತ್ರದ ಕೆಲಸ ಬಂತು. ಅದರ ಕಥೆಯಲ್ಲಿ ಅಪ್ಪನನ್ನು ಕೊಂದವನನ್ನು ಹುಡುಕಿಕೊಂಡು ಮಗಳು ಕಡಲೆಲ್ಲ ಅಲೆಯುತ್ತಾಳೆ. ಕೊನೆಗೆ ಅವನೇ ತಪ್ಪೊಪ್ಪಿಕೊಂಡು, ಅವಳನ್ನು ಬೆಂಕಿಯಿಂದ ಉಳಿಸಿ ಸಾಯುತ್ತಾನೆ. ಗೋದಾಮಿನೊಳಗೆ ಪ್ಲೈವುಡ್ಡಿನ ಹಡಗು ಎದ್ದಿತು. ಅದರ ಕಂಬದ ತುದಿಯಿಂದ ಬೆಂಕಿಯ ಮೇಲೆ ಹಾರಲು ಯಾವ ಹುಡುಗಿಯೂ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಮಾಸ್ಟರು ಹಲ್ಲಿಯಕ್ಕನಿಗೆ ಹೇಳಿಕಳಿಸಿದ.

ಬಂದಳು. ನಾನು ಕೊಂಡಿ ಸಿಕ್ಕಿಸುತ್ತಿದ್ದಾಗ ಮಾಸ್ಟರು ಹಲ್ಲುಕಿರಿಯುತ್ತ, "ಹಳೇದೆಲ್ಲ ಮರ್ತುಬಿಡು" ಎಂದ.

"ಸೊಂಟಕ್ಕೆ ಹೇಳಿ, ಮಾಸ್ಟರ್" ಎಂದು ಅಕ್ಕ ಏಣಿ ಹತ್ತಿದಳು.

ಕ್ಯಾಮೆರಾ ಸಿದ್ಧವಾಯಿತು. ಹಗ್ಗದ ತಂಡದಲ್ಲಿ ಅಕ್ಕನ ತಮ್ಮನೂ ತಲೆ ತಗ್ಗಿಸಿ ನಿಂತಿದ್ದ. ಮೇಲಿನಿಂದ ಅಕ್ಕನ ದನಿ ಬಂತು, ಆದರೆ ಕೇಳಬೇಕಾದ್ದನ್ನು ಅವಳು ಕೇಳಲಿಲ್ಲ.

"ಅವತ್ತು ನನ್ ಹಗ್ಗ ಯಾರ ಕೈಲಿತ್ತು? ಎಲ್ರಿಗೂ ಕೇಳೋ ಹಾಗೆ ಹೇಳಿ. ಆಮೇಲೆ ಹಾರ್ತೀನಿ."

"ಏಯ್, ನಾಟಕ ಸಾಕು, ಹಾರು!" ಎಂದು ಮಾಸ್ಟರು ಅರಚಿದ.

"ಅಷ್ಟು ಅವಸರ ಇದ್ರೆ ನೀವೇ ಬಂದು ಹಾರಿ."

ಏನಾಯಿತೆಂದು ನಿರ್ದೇಶಕರು ತಮಿಳಿನಲ್ಲಿ ಕೇಳಿದರು. ಯಾರೋ ವಿವರಿಸಿದರು. ನಿರ್ದೇಶಕರೂ ಹಗ್ಗದವರ ಕಡೆ ತಿರುಗಿದರು.

ತಮ್ಮ ತಲೆ ಎತ್ತಿದ. "ನನ್ ಕೈಲಿತ್ತು, ಅಕ್ಕಾ. ಸುತ್ತಿರ್ಲಿಲ್ಲ. ಸುತ್ತದೇನೇ ಇದೀವಿ ಅಂದ್ಬಿಟ್ಟೆ. ನಿಂದೇನೂ ತಪ್ಪಿರ್ಲಿಲ್ಲ."

ಮಾಸ್ಟರು ಮುಖ ಕೆಂಪಗೆ ಮಾಡಿಕೊಂಡು, "ಹಗ್ಗ ಬಿಟ್ಟು ನಡಿಯೋ ಆಚೆ!" ಎಂದ.

"ಅವ್ನು ಹೋದ್ರೆ ನಾನೂ ಏಣಿ ಇಳೀತೀನಿ. ಹಗ್ಗ ಅವ್ನೇ ಹಿಡೀಬೇಕು."

"ಬೀಳ್ಸಿದವ್ನ ಕೈಗೇ ಕೊಡ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?"

"ಅವ್ನು ಅವತ್ತಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ. ನಿಮಗೆ ಚೆನ್ನಾಗೇ ನಿದ್ದೆ ಬರ್ತಿದೆ, ಮಾಸ್ಟರ್. ನಿಮ್ಮ ಕೈಗೆ ಹಗ್ಗ ಕೊಡೋಕೆ ನಂಗೆ ಭಯ."

ನನಗೆ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು. ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದೆನಾದ್ದರಿಂದ ಸುಮ್ಮನಿದ್ದೆ.

"ಇದೀರಾ?" ಎಂದಳು ಅಕ್ಕ.

ತಮ್ಮ ಹಗ್ಗ ಸುತ್ತಿದ. ಎಳೆದು ನೋಡಿದ. ಇನ್ನೊಂದು ಸುತ್ತು ಹಾಕಿ ಮತ್ತೆ ಎಳೆದ. ಮಾಸ್ಟರು ಹಲ್ಲು ಕಡಿಯುತ್ತಿದ್ದರೂ ಅವನು ಅವಸರ ಮಾಡಲಿಲ್ಲ. ಆಮೇಲೆ ಹೇಳಿದ: "ಇದೀನಿ."

ಅಕ್ಕ ಹಾರಿದಳು. ಬೆಂಕಿ ದಾಟಿ ಹಡಗಿನ ಹಲಗೆಯ ಮೇಲೆ ಎರಡೂ ಕಾಲೂರಿ ನಿಂತಳು. ನಿರ್ದೇಶಕರು ಓಕೆ ಎಂದರು, ಎಲ್ಲರೂ ಕೂಗಿದರು, ದೀಪಗಳೂ ಆರಿದವು. ತಮ್ಮ ಮಾತ್ರ ಕಣ್ಣು ಮುಚ್ಚಿ, ಹಿಂದಕ್ಕೆ ವಾಲಿ, ಹಗ್ಗ ಹಿಡಿದೇ ಇದ್ದ.

"ಬಿಡೋ, ಬಂದಾಯ್ತು" ಎಂದಳು. ಅವನು ಬಿಡಲಿಲ್ಲ. ಅಕ್ಕ ಬೆನ್ನಿನ ಕೊಂಡಿಯನ್ನೂ ಕಳಚದೆ ಅವನ ಬಳಿಗೆ ನಡೆದುಹೋಗಿ, ಒಂದೊಂದೇ ಬೆರಳು ಬಿಡಿಸಿದಳು.

"ಮನೆಗೆ ಬಾ," ಎಂದಳು, "ಅಲ್ಲಿದೆ ನಿಂಗೆ."