ದೀಕ್ಷಾಸ್ನಾನದ ನಕಲು ಹಿಡಿದು ಸಂಡೂರಿಗೆ

ಗುರುವಾರ ನಸುಕಿನಲ್ಲೇ ಭತ್ತದ ಮೂಟೆ ಹೇರಿದ ಗಾಡಿಯೊಂದರಲ್ಲಿ ಕುಳಿತು ಕಂಪ್ಲಿ ಬಿಟ್ಟೆ. ಹೊಸಪೇಟೆಗೆ ಇಪ್ಪತ್ತು ಮೈಲಿ. ಒಳಜೇಬಿನಲ್ಲಿ ನನ್ನ ತಂಗಿಯ ಮಗ ಯೋಹಾನನ ದೀಕ್ಷಾಸ್ನಾನದ ದಾಖಲೆಯ ನಕಲಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವನು ನಾನು. ಸಂಡೂರಿನಲ್ಲಿ ಮ್ಯಾಂಗನೀಸ್ ಅದಿರು ತುಂಬುತ್ತಿದ್ದವನು ಈಗ ಸೈನ್ಯ ಸೇರುತ್ತೇನೆ, ನಕಲು ಕಳಿಸಿ ಎಂದು ಹಟ ಹಿಡಿದಿದ್ದ. ನಮ್ಮ ಸಭೆಯವರ ವಯಸ್ಸಿಗೆ ದೇವಾಲಯದ ರಿಜಿಸ್ಟರೇ ರುಜುವಾತು. ಅದನ್ನು ಬರೆಯುವ ಉಪದೇಶಿ ನಾನೇ. ಕ್ರಿಸ್ತನ ಹೆಸರಿನಲ್ಲಿ ಹಾಕಿದ ನೀರು ಬಂದೂಕಿಗೆ ಸಾಕ್ಷಿ ಹೇಳಬೇಕೇ? ಅವನ ಎದುರಿಗೇ ಹರಿದುಹಾಕುತ್ತೇನೆಂದು ನಿಶ್ಚಯಿಸಿಯೇ ಹೊರಟಿದ್ದೆ.

ಕಮಲಾಪುರದ ಹತ್ತಿರ ಬಿಸಿಲೇರಿತು. ಗಾಡಿಯವನು ಹಂಪಿಯ ಬಿದ್ದ ಗೋಡೆಗಳತ್ತ ಬಾರುಕೋಲು ತೋರಿಸಿ, ಅಲ್ಲಿ ಗೆದ್ದವರೂ ಉಳಿಯಲಿಲ್ಲ, ಸೋತವರೂ ಉಳಿಯಲಿಲ್ಲ, ಈಗ ಕುರಿಗಳದೇ ರಾಜ್ಯ ಎಂದು ನಕ್ಕ. ಈ ಮಾತನ್ನು ಯೋಹಾನನಿಗೆ ಹೇಳಬೇಕೆಂದುಕೊಂಡೆ. ರಾತ್ರಿ ಹೊಸಪೇಟೆಯ ಪರಿಚಿತರ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ.

ಶುಕ್ರವಾರ ಸಂಡೂರಿನ ಬಸ್ಸು ಹಿಡಿದೆ. ಎಂಟಾಣೆ ಚಾರ್ಜು. ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಅದು. ಏರು ಬಂದಾಗ ನಿಂತೇಬಿಟ್ಟಿತು, ಎಲ್ಲರೂ ಇಳಿದು ನಡೆದೆವು. ನನ್ನ ಕೈಲಿದ್ದ ಸತ್ಯವೇದದ ಪುಸ್ತಕ ನೋಡಿ, ಬಂಡ್ರಿಗೆ ಹೊರಟಿದ್ದ ಮುದುಕಿಯೊಬ್ಬಳು ಎಲ್ಲಿಗೆ ಹೊರಟಿರೆಂದು ವಿಚಾರಿಸಿದಳು. ಹೊರಟ ಕಾರಣ ಹೇಳಿದೆ.

"ನನ್ನ ಮಗಾನೂ ಮಿಲಿಟ್ರಿಗೆ ಹೋಗ್ಯಾನ್ರಿ. ನಿಮ್ಮ ಸ್ವಾಮಿ ಅವನ್ನ ಕೈಬಿಡ್ತಾನೇನ್ರಿ?"

ಇಪ್ಪತ್ತು ವರ್ಷ ಬೋಧನೆ ಮಾಡಿದವನು ನಾನು. ಬಸ್ಸು ಹೊರಟಿದ್ದೇ ಬದುಕಿದೆ ಎಂದುಕೊಂಡು ಹತ್ತಿದೆ.

ಯೋಹಾನ ಅದಿರಿನ ರಾಶಿಯ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ, ಮೊಣಕೈವರೆಗೂ ಕಪ್ಪು. ಗಾಡಿಯವನ ಮಾತು ಹೇಳಿದೆ, ವೈರಿಯನ್ನೂ ಪ್ರೀತಿಸು ಎಂದವನ ಮಕ್ಕಳು ನಾವು ಎಂದೆ. ಸ್ವಾಮಿಯು ರೋಮಿನ ಶತಾಧಿಪತಿಯ ನಂಬಿಕೆಯನ್ನು ಹೊಗಳಿದನೇ ಹೊರತು ದಂಡು ಬಿಡೆನ್ನಲಿಲ್ಲವಲ್ಲ ಎಂದು ಅವನು ತಿರುಗಿಸಿದ. ಪೇತ್ರನಿಗೆ ಕತ್ತಿಯನ್ನು ಒರೆಗೆ ಹಾಕೆಂದದ್ದು ಯಾರು ಎಂದು ನಾನು ಗದರಿದೆ. ಅವನು ಬುಟ್ಟಿ ಕೆಳಗಿಟ್ಟ.

"ಮಾಮ, ಈ ಅದಿರು ತೋಪು ಮಾಡಾಕ ಹೋಗ್ತೈತಿ. ಈ ಕೆಲ್ಸ ಕೊಡಿಸಿದವ್ರು ನೀವ. ಆದಿತ್ಯವಾರಕ್ಕೊಮ್ಮೆ ಜಯ ಕೊಡು ಅಂತ ಬೇಡವ್ರೂ ನೀವ. ಮಂದಿ ಮಕ್ಳು ಕೊಂದು ಗೆದ್ದು ಬರ್ಲಿ, ನನ್ನ ತಂಗಿ ಮಗ ಅಷ್ಟ ಮನ್ಯಾಗಿರ್ಲಿ ಅಂತೀರಿ. ಹೌದಿಲ್ರಿ?"

ಮೈಯೆಲ್ಲ ನಾಚಿಕೆಯಾಯಿತು. ಮಿಶನ್ನಿನ ಮೇಲಿನವರು ಅಚ್ಚುಹಾಕಿಸಿ ಕಳಿಸಿದ ಆ ಜಯದ ಪ್ರಾರ್ಥನೆಯನ್ನು ಯುದ್ಧ ಶುರುವಾದಾಗಿನಿಂದ ಒಂದು ವಾರವೂ ತಪ್ಪದೆ ಓದಿದ್ದೆ. ಓದದಿದ್ದರೆ ಸಂಬಳವಿಲ್ಲ. ಜೇಬಿನಿಂದ ನಕಲು ತೆಗೆದೆ. ಹರಿಯಲು ಕೈ ಬರಲಿಲ್ಲ, ಅವನ ಕೈಗೇ ಇಟ್ಟೆ.

"ಲೇ ಯೋಹಾನ, ನನ್ನ ಜೋಡಿ ಕಂಪ್ಲಿಗೆ ಬಾ. ಆದಿತ್ಯವಾರ ನಾನು ಆ ಜಯದ ಪ್ರಾರ್ಥನಾ ಓದಿದ್ರ, ಇದನ್ನ ತಗೊಂಡು ದಂಡಿಗೆ ಹೋಗು. ತಡಿಯಂಗಿಲ್ಲ."

ಶನಿವಾರ ಇಬ್ಬರೂ ಅದೇ ದಾರಿಯಲ್ಲಿ ಹೊರಟು ನಡುರಾತ್ರಿಗೆ ಕಂಪ್ಲಿ ಮುಟ್ಟಿದೆವು. ನನಗೋ ಭಯವಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಆರಾಧನೆಯಲ್ಲಿ ಜಯದ ಪ್ರಾರ್ಥನೆಯ ಆ ಹಾಳೆಯ ಸರದಿ ಬಂತು. ಮಡಿಚಿ ಪುಸ್ತಕದೊಳಗಿಟ್ಟೆ. ಬಂಡ್ರಿಯ ಅಜ್ಜಿಯ ಮಗನನ್ನೂ, ಅವನೆದುರು ಬಂದೂಕು ಹಿಡಿದು ನಿಂತಿರುವ ಇನ್ನೊಬ್ಬ ತಾಯಿಯ ಮಗನನ್ನೂ ಮನೆಗೆ ಕಳಿಸು ತಂದೆಯೇ ಎಂದು ಬೇಡಿದೆ. ಆಮೆನ್ ಎಂದವರು ಒಬ್ಬರೂ ಇಲ್ಲ. ಮುಂದಿನ ಸಾಲಿನ ಹಿರಿಯರು ಎದ್ದು ಹೊರನಡೆದರು. ಮೇಲಿನವರಿಗೆ ಅಂದೇ ಕಾಗದ ಬರೆದರೆಂದು ಆಮೇಲೆ ತಿಳಿಯಿತು.

ಎಲ್ಲರೂ ಹೋದ ಮೇಲೆ ಯೋಹಾನ ಬಂದು ನಕಲನ್ನು ರಿಜಿಸ್ಟರಿನ ಮೇಲಿಟ್ಟ.

"ಅದಿರಿನ ಕೆಲ್ಸಕ್ಕೂ ನಾ ಹೋಗಂಗಿಲ್ಲ ಮಾಮ. ನಾಳಿಂದ ಇಬ್ರೂ ಕೂಲಿ ಹುಡುಕ್ಬೇಕು ನೋಡ್ರಿ."