ಹದಿನೈದು ನಿಮಿಷದ ಭೇಟಿ

ರೀಜೆನ್ಸಿ ಕಾಲದ ಇಂಗ್ಲೆಂಡಿನಲ್ಲಿ ಬೆಂಕಿಪೊಟ್ಟಣ ಇರಲಿಲ್ಲ. ಈ ಮಾತನ್ನು ಎಷ್ಟು ಹಸ್ತಪ್ರತಿಗಳ ಅಂಚಿನಲ್ಲಿ ಬರೆದಿದ್ದೇನೋ ನೆನಪಿಲ್ಲ. ಅರಸನಿಗೆ ಬುದ್ಧಿ ಕೆಟ್ಟು, ಅವನ ಬದಲು ಮಗ ಆಳಿದ ಆ ಕೆಲವೇ ವರ್ಷಗಳ ಬಗ್ಗೆ ಇಂದಿಗೂ ಕಾದಂಬರಿಗಳು ಬರುತ್ತಲೇ ಇವೆ. ಹಳೆಯ ಕಾದಂಬರಿಗಳನ್ನು ಓದಿ ಬೆಳೆದವರು ಅದೇ ಕಥೆಗಳನ್ನು ಅಲ್ಲಲ್ಲಿ ಬದಲಿಸಿ ಮತ್ತೆ ಬರೆಯುತ್ತಾರೆ. ಅವುಗಳಲ್ಲಿ ಗಾಡಿ, ಉಡುಪು, ಮೇಣದಬತ್ತಿ, ಸೂತಕದ ದಿನಗಳು ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಮಸ್ಕತ್‌ನ ವಾದಿ ಅದಾಯ್‌ನಲ್ಲಿ, ಟಯರ್ ಅಂಗಡಿಯ ಮೇಲಿನ ಎರಡನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಕೂತು ಮಾಡುತ್ತೇನೆ. ಕೆಳಗೆ ಗಾಳಿ ತುಂಬುವ ಯಂತ್ರ ದಿನವಿಡೀ ಬುಸುಗುಡುತ್ತದೆ.

ಈ ಕಾದಂಬರಿಗಳ ಒಬ್ಬಳು ಹುಡುಗಿ ತಿಂಗಳಿಗೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತಾಳೆ. ಹೆಸರು ಬೇರೆ, ಊರು ಬೇರೆ, ಹುಡುಗಿ ಮಾತ್ರ ಅವಳೇ. ಮನಸ್ಸಿನಲ್ಲಿ ಇದ್ದದ್ದನ್ನು ಮುಖದ ಮೇಲೆ ತರುವುದಿಲ್ಲ. ಅವಳಿಗೆ ಆಸಕ್ತಿ ಇಲ್ಲವೆಂದು ಎಲ್ಲರೂ ತಿಳಿಯುತ್ತಾರೆ. ಹುಡುಗ ಹೊರಟುಹೋಗುತ್ತಾನೆ. ಕೊನೆಗೆ ಮರಳಿ ಬರುತ್ತಾನೆ. ಅವಳನ್ನು ಓದಿ ಓದಿ ನನಗೆ ಬೇಸರ ಬಂದಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದೇ ಎನ್ನಿಸುತ್ತಿತ್ತು.

ಮಸ್ಕತ್‌ನಲ್ಲಿ ನಮ್ಮ ಕಡೆಯವರು ಹೆಣ್ಣು ನೋಡುವುದಕ್ಕೆ ಹಾಗೆ ಹೇಳುವುದಿಲ್ಲ. ‘ಚಹಾಕ್ಕೆ ಬರ್ತಾರ’ ಎನ್ನುತ್ತಾರೆ. ಕೂಡಿಬರದಿದ್ದರೂ ಮುಂದಿನ ವಾರ ದಾರ್ಸೈಟ್‌ನ ಕೃಷ್ಣನ ಗುಡಿಯಲ್ಲಿ ಎರಡೂ ಮನೆಯವರು ಮುಖ ನೋಡಬೇಕಲ್ಲ. ಬೇಡ ಎನ್ನುವುದಕ್ಕೂ ಒಂದೇ ಮಾತು ರೂಢಿಯಾಗಿದೆ: ಜಾತಕ ಕೂಡಲಿಲ್ಲ. ಹುಡುಗ ಹುಡುಗಿಯ ಬಳಿ ಒಬ್ಬರಿಗೊಬ್ಬರ ನಂಬರ್ ಇರುವುದಿಲ್ಲ. ಅದು ಹಿರಿಯರ ಫೋನಿನಲ್ಲಿರುತ್ತದೆ.

ಆ ಶುಕ್ರವಾರದ್ದು ನನ್ನ ಐದನೇ ಚಹಾ. ಹುಡುಗ ಖಸಬ್ ಬಂದರಿನಲ್ಲಿ ಎಂಜಿನಿಯರ್, ರಜೆಗೆ ದಾರ್ಸೈಟ್‌ನ ತಂದೆತಾಯಿಯ ಮನೆಗೆ ಬಂದಿದ್ದ. ಅವನ ತಾಯಿ, ನಾನು ಎದುರಿಗೇ ಕೂತಿದ್ದರೂ, ಅಮ್ಮನನ್ನು ಕೇಳಿದರು.

“ಮಗಳು ಏನ್ ಕೆಲಸ ಮಾಡ್ತಾಳ್ರೀ?”

“ಪುಸ್ತಕ ತಿದ್ತಾಳ್ರೀ, ಮನ್ಯಾಗ ಕೂತು.”

“ಛಲೋ ಆತು ಬಿಡ್ರಿ. ಬಿಸಿಲಾಗ ಅಡ್ಡಾಡೋದು ತಪ್ತು.”

ಅವನು ನನ್ನತ್ತ ತಿರುಗಿದ. “ಪುಸ್ತಕದಾಗ ಏನ್ ತಿದ್ತೀರಿ?”

ಹಿಂದಿನ ನಾಲ್ಕು ಚಹಾಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಬೆಳಿಗ್ಗೆ ನೋಡಿದ ಅಧ್ಯಾಯದ ವಿಷಯ ಹೇಳಿದೆ. “ಮನಿಗೆ ಬಂದವರನ್ನ ಎರಡು ತಾಸು ಕೂಡಿಸಿದ್ರು. ಆ ಕಾಲದಾಗ ಅಂಥಾ ಭೇಟಿ ಹದಿನೈದು ನಿಮಿಷದ್ದು. ಗಂಡಸರು ಹ್ಯಾಟು ಕೈಯಾಗ ಹಿಡ್ಕೊಂಡೇ ಕೂಡ್ತಿದ್ರು, ಲಗೂನ ಹೊರಡ್ತೀವಿ ಅನ್ನೋ ಹಂಗ.”

ಅವನು ಟೀಪಾಯಿ ಮೇಲಿಟ್ಟಿದ್ದ ಕಾರಿನ ಕೀಲಿ ಎತ್ತಿ ಮೊಣಕಾಲ ಮೇಲೆ ಗಂಭೀರವಾಗಿ ಹಿಡಿದುಕೊಂಡ. “ಹಂಗಾರ ನಮ್ದು ಎಷ್ಟಾತ್ರಿ?”

ಗೋಡೆಯ ಗಡಿಯಾರ ನೋಡಿದೆ. ಇಪ್ಪತ್ತೆರಡು ನಿಮಿಷವಾಗಿತ್ತು. ಹೇಳಲಿಲ್ಲ. ನಕ್ಕೆ ಎಂದುಕೊಂಡಿದ್ದೆ, ಅದು ಮುಖದ ಮೇಲೆ ಬಂದಿತೋ ಇಲ್ಲವೋ. ಆಮೇಲೆಯೂ ನಾಲ್ಕೈದು ಸಲ ನನ್ನ ಕಣ್ಣು ಅದೇ ಗಡಿಯಾರಕ್ಕೆ ಹೋಯಿತು. ಅವರು ಇನ್ನಷ್ಟು ಹೊತ್ತು ಕೂತಿರಲಿ ಎಂದು ನನಗೆ ಅನ್ನಿಸಿದ್ದು ಅದೇ ಮೊದಲು.

ಅವರು ಹೋದ ಮೇಲೆ ಅಮ್ಮ ಕೇಳಿದಳು, “ಏನಂತಿ?”

“ನೋಡೋಣ,” ಎಂದೆ. ಹಿಂದಿನ ನಾಲ್ಕು ಸಲ ‘ಬ್ಯಾಡ’ ಎಂದಿದ್ದೆ. ಈ ಸಲದ್ದು ಬೇರೆಯೆಂದು ಅವಳಿಗೆ ತಿಳಿದೀತು ಎಂದುಕೊಂಡೆ. ಹೂಂ ಎನ್ನಬೇಕೆಂದು ರವಿವಾರವೇ ನಿಶ್ಚಯಿಸಿದ್ದೆ. ಯಾರೂ ಮತ್ತೆ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ.

ಮಂಗಳವಾರ ಊಟಕ್ಕೆ ಕೂತಾಗ ಅಪ್ಪ ಫೋನ್ ದೂರ ಹಿಡಿದು ಹುಡುಗನ ತಾಯಿಯ ಮೆಸೇಜ್ ಓದಿದರು. “ಜಾತಕ ಕೂಡಿಲ್ಲಂತ.”

ಅಮ್ಮನ ಕೈಯಲ್ಲಿನ ಸೌಟು ನಿಂತಿತು. “ಅಲ್ರೀ, ನಾವು ಜಾತಕ ಕೊಟ್ಟೇ ಇಲ್ಲಲ್ಲ!”

“ಖಲಾಸ್. ಕೇಳಿ ಏನ್ ಮಾಡೋದದ?”

“ಯಾರ ಜಾತಕ ಕೂಡಿಸಿದ್ರೋ ಏನೋ,” ಎಂದು ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ತಟ್ಟೆಗೆ ಸಾರು ಹಾಕುತ್ತ, “ನಿನಗೂ ಮನಸ್ಸಿರಲಿಲ್ಲಲ್ಲ. ಛಲೋನ ಆತು,” ಎಂದಳು. ನಾನು ಉಂಡೆ.

ಶುಕ್ರವಾರ ಗುಡಿಗೆ ಹೋದೆವು. ಇಬ್ಬರೂ ತಾಯಂದಿರು ಏನೂ ಆಗೇ ಇಲ್ಲವೆಂಬಂತೆ ಜೋಳದ ಹಿಟ್ಟು ಎಲ್ಲಿ ಚೆನ್ನಾಗಿ ಸಿಗುತ್ತದೆಂದು ಮಾತಿಗೆ ನಿಂತರು. ಅವನು ಚಪ್ಪಲಿ ಗೂಡಿನ ಬಳಿ ಬೂಟು ಹಾಕಿಕೊಳ್ಳುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ರೀಜೆನ್ಸಿ ಕಾಲದಲ್ಲಿ ದಾರಿಯಲ್ಲಿ ಎದುರಾದಾಗ ಹೆಣ್ಣು ಮೊದಲು ಗುರುತು ತೋರಿಸಬೇಕಿತ್ತು, ಆಮೇಲೆಯೇ ಗಂಡು ಮಾತಾಡಿಸಬಹುದಿತ್ತು. ನಾನು ಹತ್ತಿರ ಹೋದೆ.

“ನಾವು ಜಾತಕ ಕೊಟ್ಟಿರಲಿಲ್ಲ,” ಎಂದೆ.

ಅವನ ಕಿವಿ ಕೆಂಪಾದವು. “ಗೊತ್ತದರಿ. ಅಮ್ಮಗ ಬ್ಯಾರೆ ಏನ್ ಬರೀಬೇಕೋ ಹೊಳೀಲಿಲ್ಲ. ನೀವು ಗಡಿಯಾರನ ನೋಡ್ಲಿಕ್ಕತ್ತಿದ್ರಿ. ‘ಹುಡುಗಿಗೆ ಮನಸ್ಸಿಲ್ಲ, ಬ್ಯಾಡ ಅನ್ನೋ ಸಂಕಟ ಅವರಿಗ್ಯಾಕ, ನಾವಾಗೇ ಅನ್ನೋಣ’ ಅಂದ್ಲು.” ಬೂಟಿನ ಲೇಸು ಬಿಗಿಯುತ್ತ, “ನನಗೂ ಹಂಗ ಅನಿಸ್ತು,” ಎಂದ.

“ಹೊತ್ತು ಹೋಗಬಾರದು ಅಂತ ನೋಡ್ತಿದ್ದೆ.”

ಯಾರಿಗೂ ನಾನು ಇಂಥ ಮಾತು ಹೇಳಿದವಳಲ್ಲ. ಅವನು ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತ.

“ನಿನ್ನೆ ಇನ್ನೊಂದು ಮನಿಗೆ ಹೂಂ ಅಂದೀವ್ರಿ,” ಎಂದ ಮೆಲ್ಲಗೆ.

“ಯಲ್ಲಾ, ಬಾರೋ, ಗಾಡಿ ಬಿಸಿಲಾಗ ನಿಂತದ!” ಇಲ್ಲಿಯ ಅರಬ್ಬರಂತೆ ಅವಸರಿಸುತ್ತ ಅವನ ತಾಯಿ ಕರೆದರು. ಹೋಗುವಾಗ ನನ್ನ ಕೆನ್ನೆ ಮುಟ್ಟಿ, “ಬಾಳ ಸೊರಗಿ ನೋಡವಾ,” ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮುಜುಗರ ತಪ್ಪಿಸಲೆಂದೇ ಅವರು ಸುಳ್ಳು ಬರೆದಿದ್ದರು.

ಮನೆಗೆ ಬಂದು ಹಸ್ತಪ್ರತಿಯ ಕೊನೆಯ ಅಧ್ಯಾಯ ತೆರೆದೆ. ಹುಡುಗ ಮರಳಿ ಬರುತ್ತಿದ್ದ, ತಾಯಿ ಮತ್ತು ಇಬ್ಬರು ತಂಗಿಯರ ಜೊತೆ, ಎರಡು ಚಕ್ರದ ಕರಿಕಲ್ ಗಾಡಿಯಲ್ಲಿ. ಆ ಗಾಡಿಯಲ್ಲಿ ಇಬ್ಬರಿಗಷ್ಟೇ ಜಾಗ ಎಂದು ಅಂಚಿನಲ್ಲಿ ಬರೆದೆ. ಅವನು ಮರಳಿ ಬರುವುದರ ಬಗ್ಗೆ ಏನೂ ಬರೆಯಲಿಲ್ಲ. ಅದರಲ್ಲಿ ಕಾಲದ ತಪ್ಪೇನೂ ಇರಲಿಲ್ಲ.

ಅಮ್ಮ ಬಾಗಿಲಿಗೆ ಬಂದಳು. “ಮುಂದಿನ ಶುಕ್ರವಾರ ಒಬ್ಬರು ಚಹಾಕ್ಕೆ ಬರ್ತೀವಿ ಅಂದಾರ. ಏನಂತಿ?”

“ಬರಲಿ,” ಎಂದೆ. ಬಹಳ ದಣಿವಾಗಿತ್ತು. ಕಡತ ಮುಚ್ಚಿ ಹೊರಕೋಣೆಗೆ ಹೋಗಿ, ನಾನು ಕೂರುವ ಕುರ್ಚಿಯನ್ನು ಗಡಿಯಾರಕ್ಕೆ ಬೆನ್ನು ಮಾಡಿ ತಿರುಗಿಸಿಟ್ಟೆ.