ಕೈ ಮುಖ ಸವರಿದ ಮೇಲೆ

ನನ್ನ ಅತ್ತೆ ಹೋಸಿಯತ್ ಯಾರ ಹಿತ್ತಿಲಿಗೆ ಕಾಲಿಟ್ಟರೂ ಮೊದಲು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ. ನನ್ನನ್ನು ನೋಡಲು ತವರಿಗೆ ಬಂದ ದಿನವೂ ಹಾಗೆಯೇ ಮಾಡಿದರು. ಇವರು ಹುಡುಗಿ ನೋಡೋಕೆ ಬಂದರೋ ಪಾಯ ತೋಡೋಕೆ ಬಂದರೋ ಎಂದು ಅಪ್ಪ ಅಮ್ಮನ ಕಿವಿಯಲ್ಲಿ ಕೇಳಿದ್ದರಂತೆ.

ಅಪ್ಪ ಕೇಳಿದ್ದು ತಪ್ಪೇನಲ್ಲ. ನಮ್ಮೂರು ರಿಷ್ತಾನದಲ್ಲಿ ಮನೆ ಕಟ್ಟುವ ಮುಂಚಿನ ಕೆಲಸವೆಲ್ಲ ನಮ್ಮ ಅತ್ತೆ ಮನೆಯದು. ಹಳೆಯ ಮಣ್ಣಿನ ಮನೆ ಕೆಡವುವುದು, ನೆಲ ಸಮ ಮಾಡುವುದು, ಪಾಯ ತೋಡುವುದು, ಬೀದಿಯ ಕಾಲುವೆ ನೀರಿಗೆ ದಾರಿ ಬಿಡುವುದು. ನಮ್ಮ ಕೆಲಸದ ಮೇಲೆ ಮನೆ ಕೂತು ಅದನ್ನು ಮುಚ್ಚಿಬಿಡುತ್ತದೆ. ಗೃಹಪ್ರವೇಶಕ್ಕೆ ಬಂದವರು ಬಾಗಿಲ ಕೆತ್ತನೆ ಹೊಗಳುತ್ತಾರೆ, ಪಾಯವನ್ನು ಹೊಗಳಿದವರನ್ನು ನಾನು ಕಂಡಿಲ್ಲ.

ಅತ್ತೆ ಹುಟ್ಟಿದ್ದು ಕುಂಬಾರರ ಮನೆಯಲ್ಲಿ. ಮದುವೆಗೆ ಮುಂಚೆ ಬಟ್ಟಲುಗಳ ಮೇಲೆ ನೀಲಿ ಬಳ್ಳಿ ಬರೆಯುತ್ತಿದ್ದರು. ಮಾವ ಮಣ್ಣು ತೋಡುವ ಯಂತ್ರ ಓಡಿಸುತ್ತಿದ್ದರು. ಕೈ ಒಳ್ಳೆಯದು, ಆದರೆ ಬಾಯಿಗೆ ಇಲ್ಲ ಎನ್ನುವುದು ಬರುತ್ತಿರಲಿಲ್ಲ. ಪಾಯದ ಮಾತು ಮುಗಿಸಿ ಬರುತ್ತೇನೆಂದು ಹೋದವರು ಬಾವಿ, ಕೊಟ್ಟಿಗೆ, ಪಕ್ಕದ ಮನೆಯ ಗೋಡೆಯನ್ನೂ ಅದೇ ದುಡ್ಡಿಗೆ ಒಪ್ಪಿಕೊಂಡು ನಗುತ್ತ ಬರುತ್ತಿದ್ದರು. ಕೊನೆಗೊಂದು ದಿನ ಅತ್ತೆ ತಲೆವಸ್ತ್ರ ಕಟ್ಟಿಕೊಂಡು ತಾವೇ ಹೊರಟರು. ನಿಮ್ಮನೇಲಿ ಗಂಡಸರು ಯಾರೂ ಇಲ್ಲವಾ ಎಂದು ಆ ಮನೆಯ ಯಜಮಾನ ಕೇಳಿದನಂತೆ.

"ಇದಾರೆ," ಎಂದರಂತೆ ಅತ್ತೆ. "ಅವರು ಕೆಲಸ ಮಾಡ್ತಾರೆ. ಮಾತಾಡೋಕೆ ನಾನು ಬಂದೆ."

ಅಂದಿನಿಂದ ಮಾತೆಲ್ಲ ಅವರದೇ. ಮಾವನ ಸೊಂಟ ಹಿಡಿದು ಯಂತ್ರ ನನ್ನ ಗಂಡ ಇಲ್ಹಾಮ್ ಕೈಗೆ ಬಂದ ಮೇಲೂ ಅದು ಬದಲಾಗಲಿಲ್ಲ.

ಅವರು ಒಪ್ಪಂದ ಮಾಡುವ ರೀತಿ ಹೀಗೆ: ಆಫೀಸಿನಲ್ಲಿ ಅಲ್ಲ, ಹೋಟೆಲಿನಲ್ಲಿ ಅಲ್ಲ, ಆ ನೆಲದ ಮೇಲೆಯೇ ಕೌದಿ ಹಾಸಿ ಕೂರಬೇಕು. ಅಕ್ಕಪಕ್ಕದ ಮನೆಯವರು ಬರಬೇಕು. ರೊಟ್ಟಿ ಮುರಿದು, ಹಸಿರು ಚಹಾ ಬಗ್ಗಿಸಿ, ಯಾರ ಕೆಲಸ ಯಾವುದು, ಯಾವಾಗ ಮುಗಿಯಬೇಕು, ಮಣ್ಣು ಎಲ್ಲಿಗೆ ಹೋಗಬೇಕು ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ಕೊನೆಗೆ ಹಿರಿಯರೊಬ್ಬರು ದುವಾ ಹೇಳುತ್ತಾರೆ, ಎಲ್ಲರೂ ಆಮೀನ್ ಎಂದು ಎರಡೂ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಇಲ್ಹಾಮ್ ಅದನ್ನು ಕಾಗದಕ್ಕೆ ಇಳಿಸಿ ಎರಡೂ ಕಡೆಯ ಸಹಿ ಹಾಕಿಸುತ್ತಾನೆ. ಕಾಗದದಲ್ಲಿ ಕೌದಿಯ ಮೇಲೆ ಆಡಿದ್ದಕ್ಕಿಂತ ಒಂದು ಮಾತು ಹೆಚ್ಚಿರಬಾರದು, ಒಂದು ಮಾತು ಕಡಿಮೆಯಿರಬಾರದು.

ಅತ್ತೆ ಪ್ರತಿ ಸಲವೂ ಕಡೆಗೆ ಹೇಳುವ ಮಾತೊಂದಿದೆ: ನೆಲದೊಳಗೆ ನಾವು ಕಾಣದ್ದು ಏನಾದರೂ ಸಿಕ್ಕರೆ ಮತ್ತೆ ಕೂತು ಮಾತಾಡೋಣ. ನಮ್ಮೂರಿನಲ್ಲಿ ಈ ಮಾತು ಬೇಕೇ ಬೇಕು. ಇಲ್ಲಿನ ಕುಂಬಾರರು ತಲೆಮಾರುಗಳಿಂದ ತಮ್ಮ ಅಂಗಳದ ಜೇಡಿಯನ್ನೇ ತೋಡಿ ಮಡಕೆ ಮಾಡಿದವರು. ಗುಂಡಿಗಳಿಗೆ ಒಡೆದ ಚೂರು, ಗೂಡಿನ ಬೂದಿ ತುಂಬಿ ಮೇಲೆ ಮಣ್ಣೆಳೆದು ಸತ್ತುಹೋದರು. ಯಾವ ಅಂಗಳದ ಕೆಳಗೆ ಏನಿದೆಯೋ ಹಿಮ್ಮಡಿಗೂ ಗೊತ್ತಾಗುವುದಿಲ್ಲ.

ಹೋದ ಶರತ್ಕಾಲದಲ್ಲಿ ಕೋಬಿಲ್ ಎನ್ನುವವನು ತನ್ನ ಅಪ್ಪನ ಹಳೆಯ ಜಾಗದಲ್ಲಿ ಮನೆ ಕಟ್ಟಲು ಹೊರಟ. ರಷ್ಯಾದಲ್ಲಿ ಲಾರಿ ಓಡಿಸಿ ಬಂದವನು, ಮಾತೂ ಲಾರಿಯ ವೇಗದ್ದೇ. ಕೌದಿ ಹಾಸಿ ಕೂತೆವು. ನಾನು ಮಗಳು ಮೋಹಿರಾಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲಿದ್ದೆ. ಪಕ್ಕದ ಮನೆಯ ಎರ್ಗಶ್ ಬೋಬೋ, ನಮ್ಮ ಕೇರಿ ಮಹಲ್ಲಾದ ಎಲ್ಲರ ಅಜ್ಜ, ಬೇಗ ಬೇಗ ಚಹಾ ಕುಡಿದರು. ಅವರಿಗೆ ಬಿಸಿಲಲ್ಲಿ ಕೂರಲಾಗುವುದಿಲ್ಲ. ಅತ್ತೆ ಕೆಲಸವೆಲ್ಲ ಹೇಳಿದರು, ಕೋಬಿಲ್ ಒಪ್ಪಿದ, ಅತ್ತೆ ಕಡೆಯ ಮಾತಿಗೆ ಮುಂಚೆ ಒಂದು ಗುಟುಕು ಚಹಾ ಕುಡಿಯಲು ಬಟ್ಟಲೆತ್ತಿದರು. ಅಷ್ಟರಲ್ಲಿ ಬೋಬೋ ಉಂಡ ರೊಟ್ಟಿಗೆ ದುವಾ ಹೇಳಿ ಕೈ ಎತ್ತಿಯೇಬಿಟ್ಟರು. ಹಿರಿಯರು ಎತ್ತಿದರೆ ನಮ್ಮಲ್ಲಿ ಯಾರ ಕೈ ಕೆಳಗಿರುತ್ತದೆ? ಬಟ್ಟಲು ಇಟ್ಟು ಅತ್ತೆಯೂ ಎತ್ತಿದರು. ಆಮೀನ್. ಮೋಹಿರಾ ಕೂಡ ತನ್ನ ಪುಟ್ಟ ಅಂಗೈಯಿಂದ ಮೂಗು ಉಜ್ಜಿಕೊಂಡಳು. ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ಕೆಲಸ ಶುರುವಾಗಿ ಹಳೆಯ ಮನೆ ಬಿತ್ತು. ಪಾಯ ತೋಡಿದಾಗ ಯಂತ್ರದ ಹಲ್ಲಿಗೆ ನೀಲಿ ಚೂರು ಸಿಕ್ಕಿತು. ಮತ್ತೂ ಚೂರು, ಆಮೇಲೆ ಬೂದಿ. ಜಾಗದ ಅರ್ಧದಷ್ಟು ಹಳೆಯ ಜೇಡಿ ಗುಂಡಿ. ಅದನ್ನೆಲ್ಲ ತೆಗೆದು, ಗಟ್ಟಿ ನೆಲ ಸಿಗುವ ತನಕ ಇಳಿದು, ಜಲ್ಲಿ ತುಂಬಿ ಬಡಿಯಬೇಕು. ಒಪ್ಪಿಕೊಂಡ ಕೆಲಸಕ್ಕಿಂತ ಅದೇ ದೊಡ್ಡದು. ಅದನ್ನು ಹಿಡಿದರೆ ಚಳಿಗಾಲದವರೆಗೆ ಯಂತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾವು ಆಸೆಯಿಂದ ಕಾಯುತ್ತಿದ್ದ ಶಿಶುವಿಹಾರದ ಅಂಗಳದ ಕೆಲಸ ಬೇರೆಯವರ ಪಾಲಾಗುತ್ತದೆ.

ಕೋಬಿಲ್ ಗುಂಡಿಯ ಅಂಚಿಗೆ ಬಂದು ನೋಡಿ ಮೊದಲು ಕೇಳಿದ್ದು ಮುಚ್ಚಿಬಿಡಬಹುದಲ್ಲ ಎಂದು. ಮೇಲೆ ಸಿಮೆಂಟ್ ಹಾಕಿದರೆ ಯಾರಿಗೆ ಕಾಣುತ್ತೆ, ತಮ್ಮನ ಮದುವೆ ಬೇರೆ ಬರ್ತಿದೆ ಎಂದ.

"ನಿನ್ನ ತಮ್ಮ ಹೆಂಡತಿ ಜೊತೆ ಮಲಗೋದು ಇದರ ಮೇಲೇ ತಾನೇ?" ಎಂದರು ಅತ್ತೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಹೆಚ್ಚಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲವೆಂದು ಹೇಳಿ, ಟೋಪಿ ತಿರುಗಿಸುತ್ತ ನಿಂತ.

ಮನೆಯಲ್ಲಿ ಇಲ್ಹಾಮ್ ಸುಮ್ಮನಿರಲಿಲ್ಲ. ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ, ನೀವು ಯಾವಾಗಲೂ ಹೇಳುವ ಮಾತು ಊರಿಗೇ ಗೊತ್ತು, ಅದನ್ನು ಬರೆದರೆ ಯಾರೂ ತಪ್ಪು ತಿಳಿಯೋಲ್ಲ ಎಂದ. ಅತ್ತೆ ಹಿಟ್ಟು ನಾದುತ್ತ ಕೇಳಿಸಿಕೊಂಡರು. ನನಗೂ ಒಳಗೊಳಗೆ ಅವನ ಮಾತೇ ಸರಿ ಅನ್ನಿಸಿತು. ಚಳಿಗಾಲಕ್ಕೆ ಕಲ್ಲಿದ್ದಲು ತರಿಸಬೇಕು, ಮಗಳ ಬೂಟು ಚಿಕ್ಕದಾಗಿದೆ.

ಎರ್ಗಶ್ ಬೋಬೋ ಕೋಲೂರಿಕೊಂಡು ತಾವೇ ಬಂದರು. ಬಾಗಿಲಲ್ಲೇ ನಿಂತು, ತಪ್ಪೆಲ್ಲ ನನ್ನದು, ಬೇಕಾದರೆ ಎಲ್ಲರ ಮುಂದೆ ಹೇಳ್ತೀನಿ ಎಂದರು.

"ನಾನು ದುವಾ ಮಾಡಿದ್ದು ರೊಟ್ಟಿಗೆ ಕಣಮ್ಮ, ಕೆಲಸಕ್ಕಲ್ಲ."

ಅತ್ತೆ ಹಿಟ್ಟಿನ ಕೈ ತೊಳೆದುಕೊಂಡು ಬಂದು ಅವರನ್ನು ಕೂರಿಸಿದರು. ನಾನು ಚಹಾ ತಂದೆ.

"ಬೋಬೋ, ನೀವು ಯಾತಕ್ಕೆ ಮಾಡಿದ್ರೋ ಅದು ನಿಮಗೆ ಗೊತ್ತು," ಎಂದರು ಅತ್ತೆ. "ನಾನು ಕೈ ಎತ್ತಿದ್ದು ಕೆಲಸಕ್ಕೆ. ಬಟ್ಟಲು ಕೆಳಗಿಟ್ಟಾಗ್ಲೇ ನಂಗೆ ಗೊತ್ತಿತ್ತು, ಒಂದು ಮಾತು ಉಳೀತು ಅಂತ. ತಡೀರಿ ಅನ್ನಬಹುದಿತ್ತು. ಅನ್ನಲಿಲ್ಲ, ಮುಖ ಸವರಿಕೊಂಡೆ. ಈಗ ಯಾವ ಮುಖ ಇಟ್ಕೊಂಡು ಇನ್ನೊಂದು ಮಾತು ಸೇರಿಸಲಿ?"

ಇಲ್ಹಾಮ್ ಎದ್ದು ಹೊರಗೆ ಹೋದ. ಸಿಟ್ಟಿನಲ್ಲಿ ಹೋದನೆಂದುಕೊಂಡೆ. ಯಂತ್ರಕ್ಕೆ ಎಣ್ಣೆ ಹಾಕುವ ಸದ್ದು ಕೇಳಿತು.

ಮೊದಲು ಮಾತಾಡಿದ ದುಡ್ಡಿಗೇ ಗುಂಡಿಯನ್ನು ತಳದವರೆಗೆ ತೆಗೆದರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಾವ ಅಂಚಿನಲ್ಲಿ ಕುರ್ಚಿ ಹಾಕಿ ಕೂತರು, ಬಕೆಟ್ ವಾಲಿದಾಗಲೆಲ್ಲ ಮಗನನ್ನು ಬೈದರು. ಮಣ್ಣು ಹೊರಲು ಕೋಬಿಲನೇ ಸ್ನೇಹಿತನ ಲಾರಿ ತಂದು ಓಡಿಸಿದ. ಯಾರೂ ಅವನನ್ನು ಕೇಳಿರಲಿಲ್ಲ. ಶಿಶುವಿಹಾರದ ಅಂಗಳವನ್ನು ಬೇರೆಯವರು ಮಾಡಿದರು, ಚೆನ್ನಾಗಿಯೇ ಮಾಡಿದ್ದಾರೆ. ನಮ್ಮ ಚಳಿಗಾಲ ಸ್ವಲ್ಪ ಬಿಗಿಯಾಗಿತ್ತು. ಮೋಹಿರಾಳಿಗೆ ನಾದಿನಿಯ ಮಗುವಿನ ಹಳೆಯ ಬೂಟು ಸರಿಹೋಯಿತು. ಪಾಯ ತೋಡಿ ಒಪ್ಪಿಸಿದ ದಿನ ಅತ್ತೆ ಆ ನೆಲವನ್ನು ಹಿಮ್ಮಡಿಯಿಂದ ಒತ್ತಿ ಒತ್ತಿ ಉದ್ದಕ್ಕೂ ನಡೆದರು. ಇಷ್ಟು ಗಟ್ಟಿ ಪಾಯ ರಿಷ್ತಾನದಲ್ಲಿ ಇನ್ನೊಂದಿಲ್ಲ ಎಂದು ಬರೆದರೆ ಅದು ಸೊಸೆಯ ಜಂಬ ಎನ್ನುತ್ತಾರೆ, ಅನ್ನಲಿ. ಗುಂಡಿಯಿಂದ ಬಂದ ನೀಲಿ ಚೂರೊಂದು ನಮ್ಮ ಕಿಟಕಿಯಲ್ಲಿದೆ. ಅದರ ಮೇಲಿನ ಬಳ್ಳಿ ಅತ್ತೆ ಚಿಕ್ಕವರಿದ್ದಾಗ ಬರೆಯುತ್ತಿದ್ದ ಬಳ್ಳಿಯ ಹಾಗೇ ಇದೆ.

ಏಪ್ರಿಕಾಟ್ ಹೂ ಬಿಟ್ಟಾಗ ಕಾಲುವೆಯ ಆಚೆ ಇನ್ನೊಂದು ಜಾಗಕ್ಕೆ ಕೌದಿ ಹಾಸಿದೆವು. ಹಿಂದಿನ ದಿನ ಅತ್ತೆಯಿಲ್ಲದ ಬೇರೆ ಒಪ್ಪಂದವೊಂದರಲ್ಲೂ ಗಂಡಸರು ಕೈ ಎತ್ತುವ ಮುಂಚೆ, ಹೋಸಿಯತ್ ಓಪಾನ ಮಾತು ಆಯ್ತಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಓಪಾ ಎಂದರೆ ಅಕ್ಕ; ಅತ್ತೆಯ ಕಡೆಯ ಮಾತಿಗೆ ಈಗ ಅದೇ ಹೆಸರು. ಎರ್ಗಶ್ ಬೋಬೋ ಅಂದು ಎರಡೂ ಅಂಗೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಬಿಸಿಲು ಅವರ ಮೇಲೆಯೇ ಬೀಳುತ್ತಿತ್ತು.

"ಮುಗೀತೇನಮ್ಮ?" ಎಂದರು.

ಅತ್ತೆ ಅವಸರ ಮಾಡಲಿಲ್ಲ. ಬೋಬೋಗೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದರು. ಮೋಹಿರಾ ಎಲ್ಲರಿಗಿಂತ ಮೊದಲೇ ಕೈ ಎತ್ತಿಬಿಟ್ಟಿದ್ದಳು. ಅತ್ತೆ ಅವಳ ಎರಡೂ ಮುಂಗೈ ಹಿಡಿದುಕೊಂಡು, ನೆಲದೊಳಗೆ ಕಾಣದ್ದು ಏನಾದರೂ ಸಿಕ್ಕರೆ ಎಂದು ಶುರುಮಾಡಿದರು. ಮಾತು ಪೂರ್ತಿ ಮುಗಿಯುವವರೆಗೂ ಬಿಡಲಿಲ್ಲ.